ಊಟದ ಗದ್ದಲದ ನಡುವೆ ಅಕ್ಕನ ಹಾಡು

ಥೈರಾಯ್ಡ್ ಆಪರೇಷನ್ ಆದಮೇಲೆ ಅಕ್ಕನ ದನಿ ಒಡೆದುಹೋಯಿತು. ಮಾತಿಗೇನೂ ತೊಂದರೆ ಇರಲಿಲ್ಲ, ಸ್ವಲ್ಪ ಗೊಗ್ಗರು, ಅಷ್ಟೇ. ಆದರೆ ಹಾಡುವಾಗ ಮೇಲಿನ ಸ್ಥಾಯಿಗೆ ಹೋದರೆ ದನಿ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ನ್ಯೂಜೆರ್ಸಿಯ ನಮ್ಮ ಕನ್ನಡದವರು ಎಲ್ಲಿ ಸೇರಿದರೂ ಪ್ರಾರ್ಥನೆ ಅವಳದೇ ಆಗಿತ್ತು. ಈಗ ಯಾರಾದರೂ ಕರೆದರೆ ಗಂಟಲು ಸರಿಯಿಲ್ಲ ಎಂದು ಹಿಂದಿನ ಸಾಲಿಗೆ ಹೋಗಿ ಕೂರುತ್ತಿದ್ದಳು. ಅಡುಗೆ ಮಾಡುತ್ತಾ ಗುನುಗುವುದನ್ನೂ ಬಿಟ್ಟಳು. ಹಾಡಿದಷ್ಟೂ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಆದರೆ ನಮ್ಮವರ ಮುಂದೆ ಒಡೆದ ದನಿಯಲ್ಲಿ ಹಾಡುವುದು ಹುಡುಗಾಟವೇ? ಒಂದು ಸ್ವರ ಜಾರಿದರೆ ಮುಂದಿನ ಸಾಲಿನ ನಾಲ್ಕು ಹುಬ್ಬು ಮೇಲೇರುತ್ತವೆ. ವೆಸ್ಟ್ ವಿಂಡ್ಸರ್‌ನ ಅವಳ ಮನೆಗೆ ಹೋದಾಗಲೆಲ್ಲ ಅಲ್ಲಿನ ಮೌನಕ್ಕೆ ನನಗೆ ಅಳು ಬರುತ್ತಿತ್ತು. ಅಳುವ ಬದಲು ಯಾರ ಮೇಲಾದರೂ ರೇಗುತ್ತಿದ್ದೆ, ಅದು ನನ್ನ ಸ್ವಭಾವ.

ನಾನು ಮ್ಯಾನ್‌ಹಟನ್‌ನ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿನ ಫಿಲಿಪಿನೊ ನರ್ಸ್ ಒಬ್ಬಳು ನನ್ನ ಗೆಳತಿ. ಜೆರ್ಸಿ ಸಿಟಿಯ ತನ್ನ ಮನೆಯಲ್ಲಿ ತಾಯಿಯ ಹುಟ್ಟುಹಬ್ಬ ಇದೆ, ಟ್ರ್ಯಾಕ್ ಹಾಕಿಕೊಂಡು ಮೈಕಿನಲ್ಲಿ ಹಾಡುವ ಕ್ಯಾರಿಯೋಕಿ ಇರುತ್ತದೆ, ನಿನ್ನ ಅಕ್ಕನನ್ನೂ ಕರೆದುಕೊಂಡು ಬಾ ಎಂದಳು. ವಿಷಯ ತಿಳಿದು ಭಾವ ಮುಖ ಸಿಂಡರಿಸಿದರು.

"ಫಿಲಿಪಿನೋಸ್‌ಗೆ ಯಾವಾಗ್ ನೋಡಿದ್ರೂ ಪಾರ್ಟಿ. ಮೈಕ್ ಹಿಡ್ಕೊಂಡು ಕಿರಿಚ್ತಾರೆ. ನಮ್ ಥರ ಮ್ಯೂಸಿಕ್‌ನ ಸೀರಿಯಸ್ಸಾಗಿ ತಗೊಳಲ್ಲ."

"ಹೌದು ಭಾವ, ನಾವು ಎಷ್ಟು ಸೀರಿಯಸ್ ಅಂದ್ರೆ ಈ ಮನೇಲಿ ಈಗ ಒಬ್ರೂ ಹಾಡ್ತಿಲ್ಲ," ಎಂದೆ.

ಅವರು ಕಾರಿನ ಕೀ ತೆಗೆದು ನನ್ನ ಕೈಗಿಟ್ಟರು.

ಗೆಳತಿಯ ಮನೆಯ ಬಾಗಿಲಲ್ಲಿ ನಮ್ಮಲ್ಲಿಯಂತೆಯೇ ಚಪ್ಪಲಿಗಳ ರಾಶಿ. ಒಳಗೆ ಹಂದಿಮಾಂಸದ ವಾಸನೆ. ಅಕ್ಕ ಮೂಗಿಗೆ ಸೆರಗು ಹಿಡಿಯಲಿಲ್ಲ, ಅದೇ ದೊಡ್ಡದು. ನಮಗೆಂದು ಬರೀ ತರಕಾರಿ ಹಾಕಿದ ಅಕ್ಕಿ ನೂಡಲ್ಸ್ ಬೇರೆಯಾಗಿ ಮುಚ್ಚಿಟ್ಟಿದ್ದರು. ಅಷ್ಟರಲ್ಲಿ ಗೆಳತಿಯ ಚಿಕ್ಕಪ್ಪ ಮೈಕ್ ಹಿಡಿದು ಎದೆಯ ಮೇಲೆ ಕೈಯಿಟ್ಟು ಹಳೆಯ ಇಂಗ್ಲಿಷ್ ಪ್ರೇಮಗೀತೆ ಶುರುಮಾಡಿದರು. ಅವರೆಲ್ಲರಿಗೂ ಇಷ್ಟವಾದದ್ದು ಇಂಥವೇ, ಸೂರು ಹಾರಿಹೋಗುವಂತೆ ಹಾಡಬೇಕಾದ ವಿರಹದ ಹಾಡುಗಳು. ಆದರೆ ಕೇಳುವವರೇ ಇಲ್ಲ. ಒಬ್ಬರು ಬಡಿಸಿಕೊಳ್ಳುತ್ತಿದ್ದಾರೆ, ಇನ್ನೊಬ್ಬರು ಮಗುವಿನ ಮೂಗು ಒರೆಸುತ್ತಿದ್ದಾರೆ.

"ಪಾಪ ಕಣೇ, ಹಾಡೋರ್ಗೆ ಒಂದ್ಚೂರೂ ಮರ್ಯಾದೆ ಬೇಡ್ವಾ?" ಎಂದು ಅಕ್ಕ ನನ್ನ ಕಿವಿಯಲ್ಲಿ ಗೊಣಗಿದಳು.

ತಟ್ಟೆ ಪಕ್ಕಕ್ಕಿಟ್ಟು, ಬೆನ್ನು ನೆಟ್ಟಗೆ ಮಾಡಿ, ತೊಡೆಯ ಮೇಲೆ ತಾಳ ಹಾಕುತ್ತಾ ಅವರನ್ನೇ ನೋಡತೊಡಗಿದಳು. ಸಂಗೀತ ಕಚೇರಿಯಲ್ಲಿ ಕೂರುವ ಹಾಗೆ. ಚಿಕ್ಕಪ್ಪ ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು, ಸಾಲು ತಪ್ಪಿದರು. ಮುಗಿದ ಕೂಡಲೇ ಹೋಗಿ ಗೆಳತಿಯ ಹತ್ತಿರ ಏನೋ ಪಿಸುಗುಟ್ಟಿದರು. ಅವಳು ನಗುತ್ತಾ ಬಂದು ಅಕ್ಕನ ಪಕ್ಕ ಕುಳಿತಳು.

"ನಿಮಗೇನೋ ಬೇಸರವಾಗಿದೆ, ತನ್ನ ಹಾಡು ಹಿಡಿಸಲಿಲ್ಲ ಅಂತ ಚಿಕ್ಕಪ್ಪ ಅಂದುಕೊಂಡಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಹಾಗೆ ನೋಡಬೇಡಿ. ತಿನ್ನಿ. ನಾವು ತಿನ್ನುತ್ತಾ ಇದ್ದರೇ ಹಾಡುವವರಿಗೆ ಧೈರ್ಯ."

ಅಕ್ಕ ತಟ್ಟೆ ಎತ್ತಿಕೊಂಡು ನಿಧಾನವಾಗಿ ಸುತ್ತ ನೋಡಿದಳು. ಎರಡು ಹಾಡು ಹಾಗೇ ಕಳೆದವು. ಆಮೇಲೆ ನನ್ನ ಕಡೆ ತಿರುಗದೆಯೇ, "ನಿನ್ನ ಫೋನಲ್ಲಿ ನಮ್ಮ ಹಳೇ ಸಿನಿಮಾ ಹಾಡಿನ ಟ್ರ್ಯಾಕ್ ಸಿಗುತ್ತಾ?" ಎಂದು ಕೇಳಿದಳು.

ಟ್ರ್ಯಾಕ್ ಹುಡುಕಿ ಫೋನನ್ನು ಕ್ಯಾರಿಯೋಕಿ ಮೆಷಿನ್‌ಗೆ ಜೋಡಿಸಿದೆ. ಪಲ್ಲವಿ ಸರಿಯಾಗಿಯೇ ಬಂತು. ಚರಣದಲ್ಲಿ, ನಾನು ಹೆದರಿದ್ದ ಜಾಗದಲ್ಲೇ, ದನಿ ನಿಂತಿತು. ಯಾರೂ ತಿರುಗಿ ನೋಡಲಿಲ್ಲ. ಯಾರೋ ವಿನೆಗರ್ ಬಾಟಲಿ ಕೇಳಿದರು, ಇನ್ಯಾರೋ ಕೊಟ್ಟರು. ಅಕ್ಕ ಉಸಿರು ತೆಗೆದುಕೊಂಡು ಮುಂದಿನ ಸಾಲನ್ನು ಕೆಳಗಿನ ಸ್ಥಾಯಿಯಲ್ಲಿ ಹಿಡಿದಳು. ಹಾಡು ಮುಗಿದಾಗ ಮೆಷಿನ್, ಅದಕ್ಕೆ ಕನ್ನಡವೂ ಗೊತ್ತಿಲ್ಲ ಸಂಗೀತವೂ ಗೊತ್ತಿಲ್ಲ, ಎಲ್ಲರ ಹಾಡಿಗೂ ಕೊಡುವಂತೆ ಅಂಕ ಕೊಟ್ಟಿತು, ನೂರಕ್ಕೆ ತೊಂಬತ್ತೇಳು. ಅಲ್ಲಿಯವರೆಗೆ ಕೇಳದೇ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ತನಗಿಂತ ಜಾಸ್ತಿ ಬಂತೆಂದು ಚಿಕ್ಕಪ್ಪ ಹಣೆ ಚಚ್ಚಿಕೊಂಡರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಮುಂದಿನ ಯುಗಾದಿಗೆ ಅವಳ ಮನೆಯಲ್ಲಿ ಊಟ. ಹಿರಿಯ ಆಂಟಿಯೊಬ್ಬರು ಎಂದಿನಂತೆ, "ಒಂದು ಹಾಡು ಹೇಳಮ್ಮ" ಎಂದರು. ಹೋಳಿಗೆ ಬಡಿಸುತ್ತಿದ್ದ ಅಕ್ಕ ಅಲ್ಲೇ ನಿಂತಳು.

"ಹಾಡ್ತೀನಿ ಆಂಟಿ. ಆದ್ರೆ ಯಾರೂ ಕೇಳ್ಬಾರ್ದು. ಊಟ ಮಾಡ್ತಾ ಇರಿ, ಮಾತಾಡ್ತಾ ಇರಿ."

ನಮ್ಮವರಿಗೆ ಅದು ಸಾಧ್ಯವೇ? ಅವಳು ಶುರುಮಾಡಿದ್ದೇ ತಡ, ಎಲ್ಲರೂ ಊಟ ನಿಲ್ಲಿಸಿ, ಕೈ ಕಟ್ಟಿ ಕುಳಿತರು. ಮಾತು ನಿಂತಿತು. ಅಕ್ಕನ ದನಿ ಸಣ್ಣಗಾಯಿತು. ನನಗೆ ಸಿಟ್ಟು ನೆತ್ತಿಗೇರಿತು.

ಆಗ, ಆ ಪಾರ್ಟಿಯ ಕತೆಯನ್ನೆಲ್ಲ ಅಕ್ಕನ ಬಾಯಲ್ಲಿ ಕೇಳಿದ್ದ ಭಾವ ತುಪ್ಪದ ಗಿಂಡಿ ಹಿಡಿದು ಎದ್ದರು.

"ಅಂಕಲ್, ಹೋಳಿಗೆಗೆ ತುಪ್ಪ?" ಎಂದು ಗಟ್ಟಿಯಾಗಿ ಕೇಳಿದರು.

ಪಂಕ್ತಿಯ ಮೊದಲಲ್ಲಿದ್ದ ಅಂಕಲ್ ಗಾಬರಿಯಿಂದ ಬೇಡವೆಂದು ಕೈಯಾಡಿಸಿದರು. ಭಾವ ಬಿಡಲಿಲ್ಲ. ಬಡಿಸುತ್ತಾ, ಟ್ರಾಫಿಕ್ ಹೇಗಿತ್ತು, ಮಗಳ ಕಾಲೇಜು ಎಲ್ಲಿ ಎಂದು ಒಬ್ಬೊಬ್ಬರನ್ನೇ ಮಾತಿಗೆಳೆದರು. ಚರಣ ಬಂತು, ದನಿ ನಿಂತಿತು. ಭಾವ ಇನ್ನೂ ಜೋರಾಗಿ, "ಯಾರಿಗೆ ತುಪ್ಪ, ಯಾರಿಗೆ ತುಪ್ಪ?" ಎಂದು ಕೂಗುತ್ತಾ ನಡೆದರು. ಅವರ ಕಣ್ಣು ಒದ್ದೆಯಾಗಿತ್ತು. ಆ ಕೂಗಿನ ಹಿಂದಿನಿಂದ ಅಕ್ಕ ಮುಂದಿನ ಸಾಲು ಎತ್ತಿಕೊಂಡಳು.

"ನನಗೆ ಹಾಕಿ ಭಾವ," ಎಂದು ನಾನೂ ಕೂಗಿದೆ.