ಮೇಜು ಏರಿತು, ಸ್ಪಿಂಡಲ್ ಇಳಿಯಿತು

ತುರ್ಭೆಯ ನಮ್ಮ ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಮೆಷಿನ್ ನಡೆಸುವ ಹೆಂಗಸು ನಾನೊಬ್ಬಳೇ. ಒಮ್ಮೆ ಪ್ಲಾಸ್ಟಿಕ್ ಡಬ್ಬಿಯ ನಾಲ್ಕು ಉಕ್ಕಿನ ಅಚ್ಚುಗಳ ಕೆಲಸ ಬಂತು. ಬಾವಿಯಂಥ ಆಳ. ಟೂಲ್ ತಿರುಗಿಸುವ ಸ್ಪಿಂಡಲ್ ಅಷ್ಟು ಕೆಳಕ್ಕೆ ಚಾಚಿದಾಗ ನಡುಗಿ ಕಿರುಚುತ್ತಿತ್ತು. ಮೊದಲ ಬ್ಲಾಕಿನ ಒಳಗೋಡೆ ತುಂಬ ಗೆರೆ ಬಿದ್ದು ಹಾಳಾಯಿತು.

ಹುಬ್ಬಳ್ಳಿ ಕಡೆಯ ನಮ್ಮ ಸೂಪರ್‌ವೈಸರ್ ಅದನ್ನು ನೋಡಿ, "ನಮ್ಮ ಮಷಿನ್‌ಗೆ ಆಗೂದಲ್ಲವ್ವಾ ಇದು. ಹೊರಗ ಕೊಡೂಣು" ಎಂದರು.

"ಎರಡು ದಿನ ಕೊಡಿ ಸರ್. ಟೇಬಲ್ಲನ್ನೇ ಮೇಲಕ್ಕೆ ಏರಿಸಿ ನೋಡ್ತೇನೆ."

ಆ ಮೆಷಿನ್ನಿನಲ್ಲಿ ಸ್ಪಿಂಡಲ್ ಕೆಳಗಿಳಿಯುವಂತೆ, ಬ್ಲಾಕ್ ಕಟ್ಟುವ ಮೇಜೂ ಮೇಲೇರುತ್ತದೆ. ಎರಡೂ ಒಂದೇ ನೇರದಲ್ಲಿ. ಹೆಚ್ಚಿನ ಆಳವನ್ನು ಮೇಜಿಗೇ ಬಿಟ್ಟರೆ ಸ್ಪಿಂಡಲ್ ಚಾಚಬೇಕಾಗಿಲ್ಲ. ತೊಂದರೆ ಒಂದೇ: ಮೇಜು ಏರಿದ್ದು ಸ್ಪಿಂಡಲಿನ ಲೆಕ್ಕಕ್ಕೆ ತಿಳಿಯುವುದಿಲ್ಲ. ಅದನ್ನು ತಿಳಿಸುವ ಪುಟ್ಟ ಪ್ರೋಗ್ರಾಂ ನಾನೇ ಬರೆಯಬೇಕಿತ್ತು. ಮರುದಿನ ಠಾಕುರ್ಲಿಯಿಂದ ಬರುವ ಲೋಕಲ್ ರೈಲಿನಲ್ಲಿ, ನಿಂತೇ, ನೋಟ್‌ಬುಕ್ಕಿನಲ್ಲಿ ಅದನ್ನು ಬರೆದು ಮುಗಿಸಿದೆ.

ಮೊದಲು ಮರದ ತುಂಡು ಕಟ್ಟಿ ನಡೆಸಿದೆ. ಮೇಜು ನಲವತ್ತು ಮಿಲಿಮೀಟರ್ ಏರಿತು. ಸ್ಪಿಂಡಲ್ ಅಷ್ಟು ಮೊದಲೇ ನಿಲ್ಲುವ ಬದಲು ಇನ್ನೂ ಕೆಳಗಿಳಿದು ಮರಕ್ಕೆ ನುಗ್ಗಿತು. ಕೆಂಪು ಬಟನ್ ಒತ್ತಿದೆ. ನೋಟ್‌ಬುಕ್ ನೋಡಿದರೆ, ಕೂಡಬೇಕಾದಲ್ಲಿ ಕಳೆದಿದ್ದೆ! ಒಂದೇ ಒಂದು ಚಿಹ್ನೆ. ತಿದ್ದಿ, ಮತ್ತೆ ಮರದ ಮೇಲೆ ಮೂರು ಸಲ ನೋಡಿ, ಉಕ್ಕು ಕಟ್ಟಿದೆ.

ಮೇಜು ಸ್ವಲ್ಪ ಏರುವುದು, ಸ್ಪಿಂಡಲ್ ಸ್ವಲ್ಪ ಇಳಿಯುವುದು. ಹಿಂದಿನ ದಿನದ ಕಿರುಚಾಟವಿಲ್ಲ, ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಪಕ್ಕದ ಮೆಷಿನ್‌ನವರು ಕೆಲಸ ಬಿಟ್ಟು ಬಂದು ನಿಂತರು. ಸಂಜೆ ನಾಲ್ಕಕ್ಕೆ ಅಚ್ಚು ಇಳಿಸಿ ಗೋಡೆಗೆ, ಕೂದಲೆಳೆಯಷ್ಟು ಏರುತಗ್ಗನ್ನೂ ತೋರಿಸುವ ಡಯಲ್ ಗೇಜ್ ಹಿಡಿದೆ. ಮೇಲಿನಿಂದ ತಳದವರೆಗೂ ಮುಳ್ಳು ಅಲ್ಲಾಡಲಿಲ್ಲ.

ಸೂಪರ್‌ವೈಸರ್‌ಗೆ ಗೇಜ್ ಸಾಲಲಿಲ್ಲ. ಉಗುರಿನಿಂದ ಗೋಡೆ ಸವರಿ ನೋಡಿದರು, ಎರಡು ಸಲ.

"ಎಲ್ಲೂ ತಡೀವಲ್ದು! ಭಾಳ ಛಲೋ ಆತವ್ವಾ. ಉಳಿದವನ್ನೂ ನೀನ ಮಾಡು."

"ದೀದೀ, ಹಮೇಂ ಭೀ ಸಿಖಾವೋ" ಎಂದು ತನಗೂ ಕಲಿಸಲು ಕೇಳಿದ ಪಕ್ಕದ ಮೆಷಿನ್‌ನವನು. ನಾನು ಇಲ್ಲಿಗೆ ಸೇರಿದಾಗ, ಒಂದು ತಿಂಗಳೂ ನಿಲ್ಲಲಾರಳು ಎಂದಿದ್ದವನೇ ಅವನು. ನೋಟ್‌ಬುಕ್ ಅವನ ಕೈಗೆ ಕೊಟ್ಟೆ.

ಅಪ್ಪ ಕೋಪರಿಯಲ್ಲಿ ಉಡುಪಿ ಹೋಟೆಲಿನ ಅಡುಗೆಯವರು. ಫೋನ್ ಮಾಡಿ ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಆದರೆ ಪಾತ್ರೆಗಳ ಗದ್ದಲದ ನಡುವೆ ಅವರು ಅಡುಗೆಮನೆಗೆಲ್ಲ ಕೂಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ನನ್ನ ಮಗಳು ಗೆದ್ದಳು ಮಾರಾಯ್ರೇ!"