ಏನು ಕೇಳಿಸ್ತು ಹೇಳು

ಸ್ಟೇಷನ್ ಮಾಸ್ತರ ಎಡಗೈಯಲ್ಲಿ, ಮೊಣಕೈಗಿಂತ ತುಸು ಕೆಳಗೆ, ಯಾವಾಗಲೂ ಒಂದು ಕಪ್ಪು ಪಟ್ಟೆ ಇರುತ್ತಿತ್ತು. ನಿಲ್ಲದೆ ಹೋಗುವ ರೈಲಿನಿಂದ ಇಂಜಿನ್ನಿನವರು ನಾವು ಕೊಡುವ ಬೆತ್ತದ ಬಳೆ ಬಡಿದು ಬಡಿದು ಆದ ಗಾಯ ಅದು. ಆ ಬಳೆಯ ಚೀಲದಲ್ಲಿ ದಾರಿ ಖಾಲಿ ಇದೆ ಎಂಬುದಕ್ಕೆ ಗುರುತಾಗಿ ಒಂದು ಕಬ್ಬಿಣದ ಗುಂಡು ಇರುತ್ತದೆ. ಓಡುವ ಇಂಜಿನ್ನಿನಿಂದಲೇ ಹಳೆಯ ಬಳೆ ಕೊಟ್ಟು ಹೊಸದನ್ನು ತೆಗೆದುಕೊಳ್ಳಬೇಕು. ಅದನ್ನು ಹಿಡಿಯುವುದು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕೆಲಸ. ಮಾಸ್ತರು ಮಾತ್ರ ಅವನನ್ನು ಹಿಂದಕ್ಕೆ ಸರಿಸಿ ತಾವೇ ಕೈ ಚಾಚುತ್ತಿದ್ದರು. ಆ ಗಾಯ ಮಾಯುವುದಕ್ಕೆ ನಾವು ಪುರುಸೊತ್ತು ಕೊಡಲೇ ಇಲ್ಲ.

ಕೃಷ್ಣರಾಜನಗರದಿಂದ ಆಚೆ, ಗದ್ದೆಬಯಲಿನ ನಡುವೆ ಅವರ ಚಿಕ್ಕ ಸ್ಟೇಷನ್. ಅವರದು ಹುಣಸೂರಿನ ಮುಸ್ಲಿಂ ಸಾಹೇಬರ ಮನೆತನ. ತಂದೆ ಗಾಡಿಚಕ್ರ ಮಾಡುತ್ತಿದ್ದವರು. ನಾನು ಹನಗೋಡಿನ ಒಕ್ಕಲು ಮಗ, ನೇಗಿಲು ಬಿಟ್ಟು ಇಂಜಿನ್ನಿಗೆ ಕಲ್ಲಿದ್ದಲು ಎತ್ತಿಹಾಕುವ ಫೈರ್‌ಮನ್ ಆಗಿದ್ದೆ. ನಮ್ಮ ಕಡೆಯವನೆಂದು ಮಾಸ್ತರು ಸಲುಗೆ ತೋರಿಸುತ್ತಾರೆ ಎಂದುಕೊಂಡಿದ್ದೆ. ಸಲುಗೆಯೇನೋ ಇತ್ತು, ಏಟಿನಲ್ಲಿ.

ಮುಂದೆ ಹಳಿ ರಿಪೇರಿ ಇದ್ದರೆ ಅವರು ಎಚ್ಚರಿಕೆಯ ಚೀಟಿ ಕೊಡುತ್ತಿದ್ದರು. ಬೇರೆ ಸ್ಟೇಷನ್ನುಗಳಲ್ಲಿ ಚೀಟಿ ಜೇಬಿಗೆ ತುರುಕಿಕೊಂಡು ಹೊರಟರಾಯಿತು. ಇಲ್ಲಿ ಡ್ರೈವರೂ ಫೈರ್‌ಮನ್ನೂ ಇಬ್ಬರೂ ಅದರಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಬೇಕು. ಒಂದು ದಿನ ನಾನು ಒಲೆ ಕೆದಕುತ್ತಲೇ "ಆಯ್ತು ಬುಡಿ ಮಾಸ್ತರೇ" ಅಂದೆ. ಅವರು ಇಂಜಿನ್ ಹತ್ತಿ ಬಂದವರೇ ಕೆನ್ನೆಗೆ ಬಾರಿಸಿದರು. ತುಟಿ ಒಡೆದು ರಕ್ತ ಬಂತು. ಪ್ಲಾಟ್‌ಫಾರಂ ತುಂಬಾ ಜನ ನೋಡುತ್ತಿದ್ದರು.

"ಆಯ್ತು ಅಂದ್ರೆ ನಂಗೇನ್ಲಾ ಗೊತ್ತಾಯ್ತದೆ?" ಅಂದರು. "ಏನು ಕೇಳಿಸ್ತು ಹೇಳು."

ಹೇಳಿದೆ. ಆ ಮುದುಕನ ಕೈ ಸೇದಿಹೋಗಲಿ ಎಂದು ದಾರಿಯುದ್ದಕ್ಕೂ ಶಪಿಸಿದೆ.

ನಿಲ್ಲದ ಗಾಡಿಗಳಿಗೂ ಅವರದೇ ಒಂದು ಕಟ್ಟಳೆ ಇತ್ತು. ಚೀಟಿಯನ್ನು ಬಳೆಗೆ ಕಟ್ಟಿ ಕೊಡುವರು; ನಾವು ಓದಿ ಬಗ್ಗಿ ಕೈಸನ್ನೆಯಲ್ಲಿ ಉತ್ತರ ಕೊಡಬೇಕು. ಗಂಟೆಗೆ ಐದು ಮೈಲಿ ವೇಗವೆಂದರೆ ಐದು ಬೆರಳು. ನಿಲ್ಲಬೇಕೆಂದಿದ್ದರೆ ಎರಡೂ ಮುಷ್ಟಿ ತಲೆಯ ಮೇಲೆ. ಇದು ಯಾವ ರೂಲು ಪುಸ್ತಕದಲ್ಲೂ ಇರಲಿಲ್ಲ. ಡ್ರೈವರುಗಳು ಹಿಂದಿನಿಂದ ನಗುತ್ತಿದ್ದರು, ನಾನೂ ಸೇರಿಕೊಂಡು ನಗುತ್ತಿದ್ದೆ.

ಯುದ್ಧದ ಕಾಲ. ಮರದ ದಿಮ್ಮಿ ತುಂಬಿದ ಗಾಡಿಗಳು ಒಂದರ ಬೆನ್ನಿಗೊಂದು ಓಡುತ್ತಿದ್ದವು. ನಮಗೆ ನಿದ್ದೆಯಿಲ್ಲ, ಹೊತ್ತಿಗೆ ಊಟವಿಲ್ಲ. ಒಂದು ಮಧ್ಯಾಹ್ನ ಮೈಸೂರಿನ ಕಡೆಗೆ ಬರುತ್ತಿದ್ದೆವು. ಮಾಸ್ತರ ಸ್ಟೇಷನ್ ಹತ್ತಿರವಾಗುತ್ತಿದ್ದಂತೆ ಬಾಯ್ಲರಿಗೆ ನೀರು ಬಿಡುವ ಇಂಜೆಕ್ಟರು ಕೈಕೊಟ್ಟಿತು. ಗಾಜಿನ ಕೊಳವೆಯಲ್ಲಿ ನೀರು ಸರಸರನೆ ಇಳಿಯುತ್ತಿತ್ತು. ಇನ್ನಷ್ಟು ಇಳಿದರೆ ಬಾಯ್ಲರು ಸಿಡಿದು ನಮ್ಮಿಬ್ಬರನ್ನೂ ಸುಡುತ್ತಿತ್ತು. ಡ್ರೈವರು ಸುತ್ತಿಗೆಯಿಂದ ಅದನ್ನು ಕುಟ್ಟುತ್ತಾ ನನ್ನ ವಂಶವನ್ನೆಲ್ಲ ಬೈಯುತ್ತಿದ್ದ. ಆ ಗಡಿಬಿಡಿಯಲ್ಲಿ ಬಳೆ ಕಿತ್ತುಕೊಂಡೆ, ಗೂಟಕ್ಕೆ ಸಿಕ್ಕಿಸಿದೆ. ಚೀಟಿ ಇದ್ದದ್ದು ಕಂಡಿತು, ಓದಲಿಲ್ಲ. ಹಿಂದಕ್ಕೆ ತಿರುಗಿ ಮಾಸ್ತರಿಗೆ ಸಲಾಮು ಹೊಡೆದಂತೆ ಒಂದು ಕೈ ಎತ್ತಿಬಿಟ್ಟೆ. ಅಷ್ಟೇ ನಾನು ಮಾಡಿದ್ದು.

ಅವರಿಗೆ ಬೇಕಾಗಿದ್ದದ್ದು ಎರಡು ಮುಷ್ಟಿ. ಅರ್ಧ ಮೈಲಿ ಮುಂದೆ, ಇಳಿಜಾರಿನ ತಿರುವಿನಾಚೆ, ಮೋರಿಯ ಮೇಲೆ ಹಳಿ ರಿಪೇರಿಯ ಗ್ಯಾಂಗಿನವರು ಹಳಿಯಡಿಯ ಮರದ ಪಟ್ಟಿಗಳನ್ನು ಕಿತ್ತು ಹಾಕಿಕೊಂಡು ಕೂತಿದ್ದರು. ಜಲ್ಲಿ ಹೊರುವ ಹೆಂಗಸರೂ ಇದ್ದರು. ತಿರುವು ದಾಟಿದ ಮೇಲೆ ಕೆಂಪು ಬಾವುಟ ಕಂಡರೂ ಅಷ್ಟು ಭಾರದ ಗಾಡಿ ನಿಲ್ಲುತ್ತಿರಲಿಲ್ಲ.

ಉಳಿದದ್ದನ್ನು ಗಾರ್ಡು ಆಮೇಲೆ ಹೇಳಿದ. ಮಾಸ್ತರು ಗಾಡಿಯ ಜೊತೆ ಓಡಿದರಂತೆ. ಕೊನೆಯ ಡಬ್ಬಿಯ ಹಿಡಿಕೆ ಹಿಡಿದು ಮೆಟ್ಟಿಲಿಗೆ ನೇತುಬಿದ್ದು, ಗಾರ್ಡಿನ ಕಿಟಕಿಗೆ ಗುದ್ದಿ, ಬ್ರೇಕು ಹಾಕು ಎಂದು ಕೂಗಿದರಂತೆ. ಅವನು ಬ್ರೇಕು ಎಳೆದ. ಗಾಡಿ ಮುಗ್ಗರಿಸಿದ ಹೊಡೆತಕ್ಕೆ ಅವರ ಕೈ ಜಾರಿತು. ಆ ಹೆಂಗಸರನ್ನು ಉಳಿಸಿದ ಬ್ರೇಕೇ ಮಾಸ್ತರನ್ನು ಚಕ್ರದ ಕೆಳಕ್ಕೆ ಒಗೆಯಿತು.

ಗಾಡಿ ಮೋರಿಗೆ ಮೊದಲೇ ನಿಂತು ನಾವು ಓಡಿಬಂದಾಗ ಅವರ ಎರಡೂ ಕಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಜಲ್ಲಿಯ ಮೇಲೆ ರಕ್ತ ಹರಿದು ಹೆಪ್ಪುಗಟ್ಟುತ್ತಿತ್ತು. ಮೋರಿಯಿಂದ ಓಡಿಬಂದ ಜಲ್ಲಿಯ ಹೆಂಗಸರು ಸೆರಗು ಹರಿದು ಕಟ್ಟಿದರು. ಅಷ್ಟರಲ್ಲಿ ಗ್ಯಾಂಗಿನವರು ಮೋರಿಯ ಪಟ್ಟಿಗಳನ್ನು ಹೇಗೋ ಕೂರಿಸಿದರು. ಕುಟ್ಟಿದ ಏಟಿಗೆ ಇಂಜೆಕ್ಟರೂ ಮತ್ತೆ ನೀರು ಬಿಡತೊಡಗಿತ್ತು. ಮಾಸ್ತರನ್ನು ಗಾರ್ಡಿನ ಡಬ್ಬಿಯಲ್ಲಿ ಮಲಗಿಸಿದೆವು. ಡ್ರೈವರು ಅಳುತ್ತಿದ್ದ.

"ಒಂದೇ ಉಸ್ರಿಗೆ ಮೈಸೂರು ಆಸ್ಪತ್ರೆಗೆ ಓಡುಸ್ಬುಡ್ತೀನಿ, ಮಾಸ್ತರೇ."

ಅವರು ಅವನನ್ನು ನೋಡಲಿಲ್ಲ. ನನ್ನನ್ನೇ ಹುಡುಕಿ, "ಚೀಟಿ ಎಲ್ಲೈತೆ?" ಅಂದರು.

ಇಂಜಿನ್ನಿಗೆ ಓಡಿ ಹೋಗಿ ಚೀಟಿ ತಂದೆ.

"ಓದ್ಲಾ. ಏನು ಕೇಳಿಸ್ತು ಹೇಳು."

"ಮೋರಿಗೆ ಮೊದ್ಲು ನಿಲ್ಬೇಕು. ಹಸಿರು ಬಾವುಟ ತೋರ್ಸಿದ್ಮೇಲೆ ಹೊರಡ್ಬೇಕು. ಮೋರಿ ದಾಟೋಗಂಟ ಐದು ಮೈಲಿ ವೇಗ."

"ಆಯ್ತು" ಅಂದರು. ಆ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೊಂದೇ ಸಲ.

ಮೋರಿಗೆ ಮೊದಲು ನಿಂತೆವು. ಹಸಿರು ಬಾವುಟಕ್ಕೆ ಕಾದೆವು. ಆಮೇಲೆ ತೆವಳಿದೆವು. ಹಿಂದಿನ ಡಬ್ಬಿಯಲ್ಲಿ ಅವರ ರಕ್ತ ಹೋಗುತ್ತಿತ್ತು, ಕೆಳಗೆ ಜಲ್ಲಿಯ ಹೆಂಗಸರು ನಮಗಿಂತ ಬೇಗ ನಡೆಯುತ್ತಿದ್ದರು. ನನಗೆ ಹುಚ್ಚು ಹಿಡಿದಂತಾಗಿತ್ತು. ಡ್ರೈವರು ಹಲ್ಲು ಕಚ್ಚಿಕೊಂಡು ನಿಂತಿದ್ದ, ವೇಗ ಹೆಚ್ಚಿಸಲಿಲ್ಲ. ಕೃಷ್ಣರಾಜನಗರ ದಾಟಿದ ಸ್ವಲ್ಪ ಹೊತ್ತಿಗೆ ಅವರು ಹೋಗಿಬಿಟ್ಟರು.

ಮುಂದೆ ನಾನೂ ಡ್ರೈವರಾದೆ. ಬಹಳ ವರ್ಷ ಗಾಡಿ ಓಡಿಸಿದೆ. ಫೈರ್‌ಮನ್ ಚೀಟಿಯಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳುವ ತನಕ ಗಾಡಿ ಕದಲಿಸುತ್ತಿರಲಿಲ್ಲ. ತಡವಾಯಿತೆಂದು ಮೇಲಿನವರಿಂದ ಬೈಸಿಕೊಂಡೆ, ತಲೆಕೆಟ್ಟವನೆಂದು ಹೆಸರು ತೆಗೆದುಕೊಂಡೆ. ಮಾಸ್ತರು ಚಕ್ರ ಹರಿದು ಸತ್ತರು ಎಂದು ಅಂದಿನ ವಿಚಾರಣೆಯಲ್ಲಿ ಬರೆದುಕೊಂಡರು. ಅಲ್ಲ. ಅವರನ್ನು ಕೊಂದದ್ದು ನಾನು ಎತ್ತಿದ ಆ ಒಂದು ಕೈ. ಚೀಟಿಯಲ್ಲಿ ಏನಿದೆ ಎಂದು ಕೇಳುವ ಇಷ್ಟನ್ನಾದರೂ ಮಾಡಬೇಡವೇ ನಾನು?