ಅನ್ನನಾಳದ ಸಾಕ್ಷಿ

ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಹೊಟ್ಟೆಯೊಳಗಿನದೆಲ್ಲ ಕಾಣುವಂಥ ಮನುಷ್ಯನ ಚಿತ್ರವೊಂದಿತ್ತು. ಬಾಯಿಯ ಹಿಂದಿನಿಂದ ಜಠರದವರೆಗೆ ಇಳಿದ ಕೊಳವೆಗೆ ಗೆರೆ ಎಳೆದು ‘ಅನ್ನನಾಳ’ ಎಂದು ಬರೆದರೆ ಒಂದು ಅಂಕ. ನಾನು ಬರೆದು ಅಂಕ ಪಡೆದವನು. ಶಾಲೆ ಬಿಟ್ಟ ಮೇಲೆ ಆ ಪದವನ್ನು ಯಾರ ಬಾಯಲ್ಲೂ ಕೇಳಲಿಲ್ಲ. ನಮ್ಮ ಕಲಬುರಗಿ ಕಡೆಯ ಮಂದಿಗೆ ತುತ್ತು ಮೇಲೆ ಸಿಕ್ಕಿದರೆ ಗಂಟಲು, ಕೆಳಗೆ ಸಿಕ್ಕಿದರೆ ಎದೆ. ನಡುವೆ ಇನ್ನೊಂದು ಹೆಸರು ಬೇಕಾಗಲಿಲ್ಲ. ಹೈದರಾಬಾದಿಗೆ ಬಂದ ಮೇಲೆ ತೆಲುಗಿನವರು ಅದನ್ನು ‘ಅನ್ನವಾಹಿಕ’ ಎನ್ನುತ್ತಾರೆಂದೂ, ನಮ್ಮ ಗಲ್ಲಿಯ ದವಾಖಾನೆಯ ಕಾಂಪೌಂಡರ್ ‘ಖಾನೇ ಕೀ ನಲೀ’ ಎನ್ನುತ್ತಾನೆಂದೂ ತಿಳಿಯಿತು. ಹೆಸರು ಯಾವುದಾದರೂ ಅದರ ಕೆಲಸ ಒಂದೇ, ಅಗಿದದ್ದನ್ನು ಕೆಳಗಿಳಿಸುವುದು. ಅದಕ್ಕೆ ಇನ್ನೊಂದು ಕೆಲಸವೂ ಉಂಟು, ಅದು ಕಳ್ಳರನ್ನು ಹಿಡಿದುಕೊಡುತ್ತದೆ ಎಂದು ಆರು ಸಂಸಾರಗಳ ಎದುರು ಹೇಳಿದವನು ನಾನು. ಆ ಮಾತಿನಿಂದ ಒಬ್ಬ ಹೆಂಗಸು ಇಪ್ಪತ್ತೆಂಟು ವರ್ಷ ಕಳ್ಳಿ ಎನಿಸಿಕೊಂಡಳು.

ಆಗ ನಾವು ಕಾಚಿಗೂಡ ಸ್ಟೇಷನ್ನಿನ ಹಿಂದಿನ ಒಂದು ವಠಾರದಲ್ಲಿದ್ದೆವು. ಆರು ಮನೆ, ಅಂಗಳದಲ್ಲಿ ಒಂದೇ ನಳ, ಎಲ್ಲರೂ ಕನ್ನಡದವರು. ನಾನು ಜೀಡಿಮೆಟ್ಲಾದ ಒಂದು ಗುಳಿಗೆ ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್. ದಿನವಿಡೀ ಯಾರ ಚೀಲದಲ್ಲಿ ಏನು ಹೊರಗೆ ಹೋಗುತ್ತದೆ ಎಂದು ನೋಡುವುದೇ ನನ್ನ ಕೆಲಸ. ಆ ಕಣ್ಣು ಮನೆಗೆ ಬಂದ ಮೇಲೂ ಮುಚ್ಚುತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ರಾಯಚೂರು ಕಡೆಯ ಒಬ್ಬ ಗೌಂಡಿ ಮತ್ತು ಅವನ ಹೆಂಡತಿ. ಗೋಡೆ ಕಟ್ಟುವುದರಲ್ಲಿ ಅವನ ಕೈ ಒಳ್ಳೆಯದು. ಅವನ ಹೆಂಡತಿ ನನ್ನ ಹೆಂಡತಿಯನ್ನು ಅಕ್ಕಾ ಎನ್ನುತ್ತಿದ್ದಳು; ಇಬ್ಬರೂ ಕೂಡಿಯೇ ಬೇಳೆ ಆರಿಸುವವರು, ಕೂಡಿಯೇ ಸಂತೆಗೆ ಹೋಗುವವರು. ಆದರೆ ಅವಳು ಯಾರ ಜೊತೆಯೂ ಕೂತು ಉಣ್ಣುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಒಂದು ತುತ್ತಿಗೆ ಎರಡು ಗುಟುಕು ನೀರು ಕುಡಿಯುತ್ತಿದ್ದಳು. ಯಾರಾದರೂ ಬಂದರೆ ತಟ್ಟೆಯ ಮೇಲೆ ಸೆರಗು ಎಳೆಯುತ್ತಿದ್ದಳು.

“ಅಕಿ ಉಣ್ಣೂದು ನೋಡೀ ಏನು? ಏನೋ ಮುಚ್ಚಿಡ್ತಾಳ,” ಎಂದೆ ಹೆಂಡತಿಗೆ.

“ನಿಮಗ ಮಂದಿ ಉಂಡ್ರೂ ಸಂಶೇ, ಉಪಾಸ ಇದ್ರೂ ಸಂಶೇ,” ಎಂದಳು ಅವಳು. “ಅಕಿಗೆ ತುತ್ತು ಎದ್ಯಾಗ ನಿಂದರತೈತಂತ. ಸ್ಟೋರಿನ ಕೀಲಿ ಸ್ಟೋರಿನ್ಯಾಗ ಬಿಟ್ಟು ಬರ್ರಿ.”

ಹೀಗಿರುವಾಗ ಹೆಂಡತಿಯ ಒಂದು ಬುಗುಡಿ ಕಳೆಯಿತು. ಅವಳ ತಾಯಿ ಕೊಟ್ಟ ಜೋಡಿ ಅದು. ಕಿವಿಯ ಮೇಲ್ತುದಿಗೆ ಹಾಕುವ ಆ ಒಡವೆಯ ತಿರುಪು ಸಡಿಲವಾಗಿದೆಯೆಂದು ತೆಗೆದು ಗೋಡೆಯ ಗೂಡಿನಲ್ಲಿ ಇಟ್ಟಿದ್ದಳಂತೆ. ಸಂಜೆ ನೋಡಿದರೆ ಇಲ್ಲ. “ಎಲ್ಯಾರ ಬಿದ್ದಿರಬೇಕು, ಹುಡುಕೋಣು,” ಎಂದು ರಾತ್ರಿ ನಾನು ಬಂದಾಗಲೂ ಅವಳು ಹಾಸಿಗೆ ಕೊಡವುತ್ತಿದ್ದಳು. ನಾನು ಆ ದಿನ ಮನೆಗೆ ಯಾರು ಯಾರು ಬಂದಿದ್ದರು ಎಂದು ಕೇಳಿದೆ. ಬಂದವಳು ಪಕ್ಕದ ಮನೆಯವಳೊಬ್ಬಳೇ.

ಮೂಲೆ ಮನೆಯಲ್ಲಿ ಎಲ್ಲರೂ ಕಾಕೂ ಎಂದು ಕರೆಯುವ ಹಿರಿಯ ಹೆಂಗಸಿದ್ದಳು. ಅಕ್ಕಿ ತಿನ್ನಿಸೋಣ ಎಂದವಳು ಅವಳು. ನಮ್ಮ ಕಡೆ ಇದು ಹಳೆಯ ಪದ್ಧತಿ. ದೇವರ ಮುಂದೆ ಅರಿಶಿನ ಕಲೆಸಿಟ್ಟ ಒಣ ಅಕ್ಕಿಯನ್ನು ಒಬ್ಬೊಬ್ಬರಿಗೆ ಒಂದೊಂದು ಹಿಡಿ ಕೊಡುತ್ತಾರೆ. ನೀರು ಮುಟ್ಟದೆ ಅಗಿದು ನುಂಗಬೇಕು. ಕದ್ದವರಿಗೆ ಅದು ಇಳಿಯುವುದಿಲ್ಲ ಎಂದು ನಂಬಿಕೆ. ಭಾನುವಾರ ಬೆಳಿಗ್ಗೆ ಎಲ್ಲರೂ ಅಂಗಳಕ್ಕೆ ಬಂದರು. ಗೌಂಡಿ ಮಾತ್ರ ಅಡ್ಡ ನಿಂತ.

“ಅಣ್ಣಾರ, ನೀವು ಓದಿದೋರು. ಇಂಥಾದ್ದೆಲ್ಲ ನಂಬ್ತೀರೇನ್ರಿ?”

ಅವನು ಹಾಗೆ ಕೇಳದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಓದಿದವನು ಎಂದದ್ದೇ ತಡ, ಹತ್ತನೆಯ ತರಗತಿ ನೆನಪಾಯಿತು.

“ದೇವರ ಮಾತು ಬಿಡು ತಮ್ಮಾ, ಇದು ಸೈನ್ಸು,” ಎಂದೆ. “ಅಂಜಿದವರ ಬಾಯಿ ಒಣಗತೈತಿ, ಅನ್ನನಾಳ ಬಿಗೀತೈತಿ. ತಪ್ಪ ಮಾಡದವರಿಗೆ ಯಾಕ ಬಿಗೀಬೇಕು?”

ಆ ಪದ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಯಾರೂ ಎದುರಾಡಲಿಲ್ಲ. ಕಾಕೂ “ಅನ್ನನಾಳ, ಅನ್ನನಾಳ” ಎಂದು ಮಂತ್ರದ ಹಾಗೆ ಎರಡು ಸಲ ಅಂದಳು. ಅಂಜಿಕೆಗೂ ಅನ್ನನಾಳಕ್ಕೂ ಸಂಬಂಧವಿದೆ ಎಂದು ನನ್ನ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಅದು ನಾನು ಸೇರಿಸಿದ್ದು. ಗೌಂಡಿ ತಲೆ ತಗ್ಗಿಸಿ ಸಾಲಿಗೆ ಬಂದು ಕೂತ.

ಉಳಿದವರೆಲ್ಲ ನುಂಗಿದರು. ನಾನೂ ನುಂಗಿದೆ, ಸಲೀಸಾಗಿ. ಗೌಂಡಿಯ ಹೆಂಡತಿ ಬಹಳ ಹೊತ್ತು ಅಗಿದಳು. ನುಂಗಿದ ಮೇಲೆ ಅವಳ ಕಣ್ಣು ದೊಡ್ಡದಾಯಿತು, ಎದೆಯ ಮೇಲೆ ಕೈ ಹೋಯಿತು. ಬಗ್ಗಿದಳು. ಹಳದಿ ಅಕ್ಕಿ ಬಾಯಿ ಮೂಗುಗಳಲ್ಲಿ ಹೊರಗೆ ಬಂತು.

“ನೋಡ್ರಿ, ದೇವರು ಕಣ್ಣು ತೆರದ,” ಎಂದಳು ಕಾಕೂ.

ಗೌಂಡಿಯ ಹೆಂಡತಿ ನನ್ನ ಹೆಂಡತಿಯ ಕಡೆ ತಿರುಗಿದಳು. “ಅಕ್ಕಾ, ನಂಗ ಯಾವಾಗ್ಲೂ ಹಿಂಗ ಅಲ್ಲೇನು? ನೀ ಬಲ್ಲಿ. ಹೇಳು ಇವರಿಗೆ.”

ಹೆಂಡತಿ ಬಾಯಿ ತೆರೆದಳು. “ನೀ ಸುಮ್ನಿರು,” ಎಂದೆ ನಾನು. ಅವಳು ಸುಮ್ಮನಾದಳು.

ಬುಧವಾರ ಫ್ಯಾಕ್ಟರಿಯಲ್ಲಿ ಊಟಕ್ಕೆ ಕೂತಾಗ ಡಬ್ಬಿ ಚೀಲದ ತಳದಲ್ಲಿ ಕಾಗದದ ಪೊಟ್ಟಣವೊಂದು ಕೈಗೆ ಸಿಕ್ಕಿತು. ಬಿಚ್ಚಿದರೆ ಬುಗುಡಿ. ತಿರುಪು ಬಿಗಿ ಮಾಡಿಸಲು ಅಕ್ಕಸಾಲಿಗನ ಹತ್ತಿರ ಹೋಗೋಣ ಎಂದು ಅದು ಕಳೆದ ದಿನ ಬೆಳಿಗ್ಗೆ ನಾನೇ ಗೂಡಿನಿಂದ ತೆಗೆದು ಸುತ್ತಿಟ್ಟಿದ್ದೆ. ಓವರ್‌ಟೈಮ್ ಬಂತು, ಮರೆತುಬಿಟ್ಟೆ. ಹೆಂಡತಿಗೆ ಹೇಳಿಯೂ ಇರಲಿಲ್ಲ.

ಆಗ ನಿಜ ಹೇಳಬಹುದಿತ್ತು. ಬಸ್ಸಿನಲ್ಲಿ ಬರುವಾಗ ಹೇಳುವ ಮಾತುಗಳನ್ನೂ ಹೊಂದಿಸಿಕೊಂಡಿದ್ದೆ. ವಠಾರದ ಬಾಗಿಲಲ್ಲಿ ಒಬ್ಬರು, “ಓದಿದೋರು ಇದ್ದದ್ದಕ್ಕ ಕಳ್ಳಿ ಸಿಕ್ಕಳ್ರಿ,” ಎಂದರು. ನಾನು ನಳದ ಹತ್ತಿರ ಕಾಲು ತೊಳೆಯುವ ನೆಪದಲ್ಲಿ ಬಗ್ಗಿ, ಬುಗುಡಿಯನ್ನು ಕೆಸರಿಗೆ ಬಿಟ್ಟು, ಎತ್ತಿಕೊಂಡು, “ಅರೇ, ಇಲ್ಲೇ ಐತಲ್ಲ!” ಎಂದು ಕೂಗಿದೆ. ಉಳಿದದ್ದನ್ನು ಮಂದಿಯೇ ಹೇಳಿಕೊಂಡರು. ಅಂಜಿ ಒಗದಾಳ, ಮತ್ತೇನು. ನನ್ನ ಹೆಂಡತಿಯೂ ಅದನ್ನೇ ನಂಬಿದಳು. ತಿಂಗಳಾಗುವಷ್ಟರಲ್ಲಿ ಗೌಂಡಿಯ ಸಂಸಾರ ಕುಷಾಯಿಗೂಡಕ್ಕೆ ಹೋಯಿತು.

ಆರು ವರ್ಷದ ಹಿಂದೆ ನನ್ನ ಹೆಂಡತಿ ತೀರಿಕೊಂಡಳು. ಮಣ್ಣಿಗೆ ಗೌಂಡಿ ಒಬ್ಬನೇ ಬಂದಿದ್ದ.

ಈ ವರ್ಷ ಬೇಸಿಗೆಯಲ್ಲಿ ಅವನು ಒಂದು ಫೈಲು ಹಿಡಿದು ನನ್ನ ಬಾಗಿಲಿಗೆ ಬಂದ. ಆಸ್ಪತ್ರೆ, ಕಚೇರಿಗಳ ಕಾಗದ ಓದಿಸಲು ನಮ್ಮ ಕಡೆಯವರು ಈಗಲೂ ನನ್ನ ಹತ್ತಿರ ಬರುತ್ತಾರೆ. ಆದರೆ ಇವನು ನನ್ನ ಹತ್ತಿರವೇ ಯಾಕೆ ಬಂದ ಎಂದು ನನಗೆ ಒಳಗೊಳಗೇ ಅನುಮಾನ. ಓದಿದೆ. ಅವನ ಹೆಂಡತಿಯ ಗಂಟಲಲ್ಲಿ ಕ್ಯಾಮೆರಾ ಇಳಿಸಿ ನೋಡಿದ್ದರು. ಅನ್ನನಾಳದ ಕೆಳತುದಿ ಸಡಿಲಾಗುವುದಿಲ್ಲ, ತಿಂದದ್ದು ಮೇಲೆಯೇ ನಿಂತು ನಿಂತು ನಾಳ ಚೀಲದಂತೆ ಹಿಗ್ಗಿದೆ, ಬಹಳ ವರ್ಷಗಳ ಕಾಯಿಲೆ ಎಂದಿತ್ತು. ಆಪರೇಷನ್ನಿಗೆ ಬರೆದಿದ್ದರು.

“ಎಂದಿನಿಂದ ಹಿಂಗ ಅಂತ ಡಾಕ್ಟ್ರು ಕೇಳ್ಯಾರ,” ಎಂದ. “ಮದಿವ್ಯಾದ ಹೊಸದರಿಂದ ಅಂತಾಳ ಅಕಿ. ಅಂದ್ರ ಆವತ್ತಿನ ಅಕ್ಕಿ...”

ಅರ್ಧ ನಿಜದಲ್ಲಿ ಪಾರಾಗುವ ದಾರಿ ನನಗೆ ಕಂಡಿತು. “ಹೌದು ತಮ್ಮಾ. ಅಕ್ಕಿ ಇಳೀದಿದ್ದು ಈ ಬ್ಯಾನಿಯಿಂದನ ಇರಬೇಕು. ಅಕಿದು ತಪ್ಪಿಲ್ಲ.”

“ಅದು ಸರಿ ಆತು. ಮತ್ತ ಬುಗುಡಿ ನಳದ ಹತ್ರ ಹೆಂಗ ಬಂತ್ರಿ?”

ನಾನು ಫೈಲಿನ ಹಾಳೆ ತಿರುವಿದೆ.

“ಇಷ್ಟು ವರ್ಷ ಪೆಟ್ಟಿಗಿ ಕೀಲಿ ಉಡದಾರಕ್ಕ ಕಟಗೊಂಡು ಮಲಗೀನ್ರಿ ಅಣ್ಣಾರ,” ಎಂದ ಅವನು. “ಕಟಗೊಂಡ ಹೆಂಡತಿಗೆ ಅಂಜಿ. ಖರೇ ಹೇಳ್ರಿ.”

ಹೇಳಿದೆ. ಡಬ್ಬಿ ಚೀಲ, ಪೊಟ್ಟಣ, ಕೆಸರು, ಎಲ್ಲ. ಹೊಡೆಯುತ್ತಾನೆ ಎಂದುಕೊಂಡೆ. ಅವನು ಫೈಲು ಮುಚ್ಚಿ ದಾರ ಸುತ್ತಿದ.

“ಚಪ್ಪಲಿ ಹಾಕ್ಕೋರಿ.”

ಬಸ್ಸು ಹಿಡಿದು ಹೋದೆವು. ಕುಷಾಯಿಗೂಡದ ಅವರ ಮನೆಯ ಹೊಸ್ತಿಲಲ್ಲಿ ಅವಳು ಸ್ಟೀಲಿನ ಲೋಟದಲ್ಲಿ ಗಂಜಿ ಹಿಡಿದು ಕೂತಿದ್ದಳು. ಒಂದು ಗುಟುಕು ಕುಡಿದು, ಬೆನ್ನು ನೆಟ್ಟಗೆ ಮಾಡಿ, ಅದು ಇಳಿಯುವವರೆಗೆ ಕಾಯುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಮುಗಿದ ಮೇಲೆ ಒಂದೇ ಕೇಳಿದಳು.

“ಅಕ್ಕಗ ಗೊತ್ತಿತ್ತೇನ್ರಿ?”

“ಇಲ್ಲವ್ವ. ಅಕಿಗೂ ನಾ ಹೇಳಿರಲಿಲ್ಲ.”

ಅವಳು ಲೋಟ ಕೆಳಗಿಟ್ಟಳು. “ನನ್ನ ಬ್ಯಾನಿ ಬಲ್ಲಾಕಿ ಅಕಿ ಒಬ್ಬಾಕೀನ. ಆವತ್ತು ಬಾಯಿ ತೆರದು ಮುಚ್ಚಿದ್ಲು. ಅಕೀನ ಬುಗುಡಿ ಅಡಗಿಸಿ, ಅಕೀನ ನಳದ ಹತ್ರ ಇಟ್ಟಾಳ ಅನ್ಕೊಂಡೆ. ಸತ್ತಾಗ ಮಾರಿ ನೋಡಾಕ ಬರಲಿಲ್ಲ ನಾನು.”

ಕೊನೆಯ ದಿನಗಳಲ್ಲಿ ನನ್ನ ಹೆಂಡತಿ ಎರಡು ಸಲ, “ಅಕೀಗೊಮ್ಮೆ ಕರೀರಿ,” ಎಂದಿದ್ದಳು. “ಕದ್ದಾಕಿ ಯಾವ ಮಾರಿ ಹೊತ್ತು ಬರ್ತಾಳ,” ಎಂದು ನಾನು ಕರೆಯಲಿಲ್ಲ. ಅದನ್ನೂ ಅವಳಿಗೆ ಹೇಳಿದೆ. ಹೇಳಿ ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

“ನಾ ಕದ್ದಿಲ್ಲ ಅಂತ ನನ್ನ ಮುಂದ ಹೇಳಿದ್ರ ನಂಗೇನು ಹೊಸಾದು? ಅಂಗಳದಾಗ ಕುಂತು ನೋಡಿದೋರ ಮುಂದ ಹೇಳ್ರಿ.”

ಆ ಆರು ಮನೆಗಳಲ್ಲಿ ನಮ್ಮೆರಡು ಮನೆ ಬಿಟ್ಟರೆ ಹಿರಿಯರು ಬದುಕಿ ಉಳಿದಿರುವುದು ಇನ್ನು ಎರಡೇ ಕಡೆ. ಒಬ್ಬರಿಗೆ ಫೋನು ಮಾಡಿದೆ. ಅವರಿಗೆ ಬುಗುಡಿಯೂ ನೆನಪಿರಲಿಲ್ಲ, ಅಕ್ಕಿಯೂ ನೆನಪಿರಲಿಲ್ಲ. ಹೌದೇನ್ರಿ ಎಂದು ನಕ್ಕರು. ಕಾಕೂ ಈಗ ಕಲಬುರಗಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ವಯಸ್ಸು ತೊಂಬತ್ತರ ಹತ್ತಿರ, ನೆನಪು ಮಾತ್ರ ಗಟ್ಟಿ.

“ನಾ ಕಣ್ಣಾರೆ ನೋಡೀನಿ, ಮೂಗಿನ್ಯಾಗಿಂದ ಅಕ್ಕಿ ಬಂತು,” ಎಂದಳು ಫೋನಿನಲ್ಲಿ. “ನೀನ ಅಲ್ಲೇನು ಅನ್ನನಾಳ ಅಂದಾಂವ? ಈಗ್ಯಾಕ ತಿರುಗಿ ಬಿದ್ದಿ? ಅಕಿ ನಿನಗ ಮಾಟ ಮಾಡಿಸ್ಯಾಳೇನು?”

ಎದುರಿಗೇ ಹೋಗಿ ಹೇಳಿ ಬರುತ್ತೇನೆ ಎಂದು ಗೌಂಡಿಗೆ ತಿಳಿಸಿದೆ. “ನೀವು ಒಬ್ರ ಹೋದ್ರ ಅರ್ಧಾ ಹೇಳಿ ಬರ್ತೀರಿ,” ಎಂದು ಅವನೂ ಹೊರಟ. ಆ ಅನುಮಾನ ತಪ್ಪಲ್ಲ. ನನಗೂ ನನ್ನ ಮೇಲೆ ಅದೇ ಇತ್ತು.

ಕಾಕೂ ಮಂಚದ ಮೇಲೆ ಕೂತಿದ್ದಳು. ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲರೂ ಬಂದು ನಿಂತರು. ಮೊದಲು ಕಾಯಿಲೆಯ ವಿಷಯ ಬಿಡಿಸಿ ಹೇಳಿದೆ. ಆಮೇಲೆ ಡಬ್ಬಿ ಚೀಲದಲ್ಲಿ ಬುಗುಡಿ ಸಿಕ್ಕಿತೆಂದು ಹೇಳಿದೆ. ಕಾಕೂ, “ಅಯ್ಯ, ಮರವು ಯಾರಿಗೆ ಇರಂಗಿಲ್ಲಪಾ,” ಎಂದಳು. ಅಷ್ಟಕ್ಕೇ ನಿಲ್ಲಿಸಿದರೆ ನಾನು ಬರೀ ಮರೆಗುಳಿಯಾಗಿ ಉಳಿಯುತ್ತಿದ್ದೆ. ನಿಲ್ಲಿಸಿಯೂ ಬಿಟ್ಟಿದ್ದೆ.

ಬಾಗಿಲಿಗೆ ಒರಗಿ ನಿಂತಿದ್ದ ಗೌಂಡಿ, “ಮುಂದ ಹೇಳ್ರಿ ಅಣ್ಣಾರ, ನಳದ ಹತ್ರದ್ದು,” ಎಂದ.

ಹೇಳಿದೆ.